ಕೊಲೆ ತನಿಖೆಯ ನಡುವೆ ಮನೆ ಜಗಳ: ನಾನು ಸರಿಮಾಡಿಕೊಂಡ ಬಗೆ

ನನ್ನ ಕಾದಂಬರಿಯ ಇನ್‌ಸ್ಪೆಕ್ಟರ್ ಮನೆಗೆ ಬಂದ ಕೂಡಲೇ ತನಿಖೆ ಮಲಗಿಬಿಡುತ್ತಿತ್ತು. ಓದಿದ ಗೆಳತಿ ಜಗಳದ ಪುಟಗಳನ್ನು ಸುಮ್ನೆ ಹಾರಿಸಿದ್ದಳು. ಅವನ್ನು ಕತ್ತರಿಸಿದೆ. ಕಥೆ ಒಣಗಿತು, ಮತ್ತೆ ಸೇರಿಸಿದೆ.

ಆಮೇಲೆ ದೃಶ್ಯಕ್ಕೊಂದು ಚೀಟಿ ಬರೆದು ನೆಲದ ಮೇಲೆ ಹರಡಿದೆ. ತನಿಖೆಗೆ ನೀಲಿ, ಮನೆಗೆ ಕೆಂಪು. ಸಾಲಾಗಿ 7 ಕೆಂಪು ಚೀಟಿ! ಒಂದರಲ್ಲೂ ಸುಳಿವಿಲ್ಲ.

ಜಗಳ ಉಳಿಸಿಕೊಂಡೆ, ಕಾರಣ ಬದಲಿಸಿದೆ. ಈಗ ಬಟ್ಟೆ ಒಗೆಯುವಾಗ ಹೆಂಡತಿಗೆ ಅವನ ಜೇಬಿನಲ್ಲಿ ಔಷಧಿ ಅಂಗಡಿಯ ರಸೀದಿ ಸಿಗುತ್ತದೆ. ‘ಯಾರಿಗೆ ತಂದಿದ್ದು ಇದು?’ ಅದು ಕೊಲೆಯಾದವನದು, ಇವನು ಒಪ್ಪಿಸಲು ಮರೆತ ಸಾಕ್ಷಿ. ಅವಳು ಕೂಗಾಡುತ್ತಿದ್ದರೆ ಇವನ ಕಣ್ಣು ರಸೀದಿಯಲ್ಲಿನ ಸಮಯದ ಮೇಲೆ: ರಾತ್ರಿ 11.40. ಅಂದರೆ ಕೊಲೆಯಾದವನು ಆಗಿನ್ನೂ ಬದುಕಿದ್ದ. ಗದ್ದಲದಲ್ಲಿ ಸುಳಿವೂ ಚೆನ್ನಾಗಿ ಅಡಗುತ್ತದೆ, ಅಲ್ವಾ?

ನಾದಿನಿಯ ಉಪಕಥೆ ಮಾತ್ರ ಎಲ್ಲೂ ಕೂರಲಿಲ್ಲ. ತೆಗೆದೆ. ಸ್ವಲ್ಪ ಬೇಜಾರಾಯಿತು.