ಬಳ್ಳಾರಿ ಬೇಸಿಗೆಯಲ್ಲಿ ಕಂಪ್ಯೂಟರಿಗೆ ನೀರು ಹರಿಸಿದ್ದು

ನಾನು ಬಳ್ಳಾರಿಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಮದುವೆ ಜಾಸ್ತಿ ನಡೆಯುವುದೂ ಬೇಸಿಗೆಯಲ್ಲೇ, ಊರು ಕಾದ ಹೆಂಚಾಗುವುದೂ ಬೇಸಿಗೆಯಲ್ಲೇ. ಹೊರಗೆ 40 ಡಿಗ್ರಿ ದಾಟಿದ ದಿನ ಮಹಡಿ ಮೇಲಿನ ನನ್ನ ಕೋಣೆಯಲ್ಲಿ ಮಧ್ಯಾಹ್ನ 38 ಇರುತ್ತದೆ. ಎಸಿ ಇಲ್ಲ. ರೈಜನ್ 9 5950ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಆ ಕೋಣೆಯಲ್ಲೇ ಇಡೀ ದಿನ ದುಡಿಯಬೇಕು. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಚಿತ್ರದ ಕಾಳು ಅಳಿಸುವ ನಾಯ್ಸ್ ರಿಡಕ್ಷನ್ ಹಾಕಿ, ಪೂರ್ತಿ ವಿಡಿಯೊ ತಯಾರಿಸಲು ರೆಂಡರ್‌ಗೆ ಬಿಟ್ಟರೆ ಕಾರ್ಡ್ 84 ಡಿಗ್ರಿಗೆ ಹೋಗುತ್ತಿತ್ತು. ಪ್ರೊಸೆಸರ್ 90 ಮುಟ್ಟಿ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಫ್ಯಾನ್ ಸದ್ದಿಗೆ ಹೆಡ್‌ಫೋನ್ ಹಾಕಿದರೂ ನಾದಸ್ವರ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಅದಕ್ಕೇ ನೀರಿನ ವ್ಯವಸ್ಥೆಗೆ ಕೈ ಹಾಕಿದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಕೂಲರ್ ಸಾಮಾನ್ಯವಾಗಿ ಪ್ರೊಸೆಸರ್‌ಗೆ ಮಾತ್ರ. ನನ್ನ ಮುಖ್ಯ ತಲೆನೋವು ಕಾರ್ಡ್. ಎರಡನ್ನೂ ಒಂದೇ ನೀರಿನಲ್ಲಿ ತಣಿಸಬೇಕೆಂದರೆ ಒಂದೊಂದೇ ಭಾಗ ತಂದು ನಾವೇ ಜೋಡಿಸಬೇಕು.

ಭಾಗಗಳು ಮನೆಗೆ ಬಂದ ದಿನ ತಮ್ಮ ಕೇಳಿದ: "ಅಣ್ಣ, ಇದರೊಳಗೆ ಐಸ್ ಹಾಕಿದ್ರೆ ಇನ್ನೂ ತಣ್ಣಗಾಗಲ್ವಾ?" ಒಳ್ಳೆಯ ಪ್ರಶ್ನೆ. ಈ ವ್ಯವಸ್ಥೆಯಲ್ಲಿ ನೀರಿನ ಕೆಲಸ ಬರೀ ಸಾಗಣೆ. ಚಿಪ್ ಹತ್ತಿರ ಬಿಸಿ ತುಂಬಿಕೊಂಡು ಬಂದು, ಫ್ಯಾನ್ ಗಾಳಿ ಹಾಯುವ ರೇಡಿಯೇಟರ್‌ನಲ್ಲಿ ಇಳಿಸಿ ಹೋಗುತ್ತದೆ. ಕೋಣೆಯ ಗಾಳಿ 38 ಇದ್ದರೆ ನೀರು ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಐಸ್ ಹಾಕಿದರೆ ತಣ್ಣನೆ ಲೋಟದ ಹೊರಗೆ ನೀರು ಹನಿಯುತ್ತದಲ್ಲ, ಹಾಗೇ ಬೋರ್ಡ್ ಮೇಲೂ ಹನಿಯಬಹುದು. ಐಸ್ ಕರಗಿದ ಮೇಲೆ ಮತ್ತೆ ಮೊದಲಿನ ಕಥೆಯೇ.

ಹಾಗಾಗಿ ನಾನು ಜಾಸ್ತಿ ದುಡ್ಡು ಹಾಕಿದ್ದು ರೇಡಿಯೇಟರ್‌ಗೆ. ಪ್ರೊಸೆಸರ್ ಪೂರ್ತಿ ದುಡಿದಾಗ 142 ವ್ಯಾಟ್, ಕಾರ್ಡ್ 320 ವ್ಯಾಟ್. ಒಟ್ಟು 460ರ ಆಸುಪಾಸು. 120 ಎಂಎಂನ ಒಂದು ಫ್ಯಾನ್ ಜಾಗಕ್ಕೆ ಸುಮಾರು 100 ವ್ಯಾಟ್ ಎನ್ನುವ ಅಂದಾಜಿನಲ್ಲಿ ಐದು ಫ್ಯಾನ್ ಸಾಕು. ನಮ್ಮ ಊರಿನ ಬಿಸಿಲು ನೋಡಿ 360 ಎಂಎಂನ ಎರಡು ರೇಡಿಯೇಟರ್, ಆರು ಫ್ಯಾನ್ ಹಾಕಿದೆ. ಚಿಪ್ ಮೇಲೆ ಕೂತು ಬಿಸಿಯನ್ನು ನೀರಿಗೆ ದಾಟಿಸುವ ಎರಡು ಬ್ಲಾಕ್, ನೀರಿನ ಟ್ಯಾಂಕ್ ಜೊತೆಗೇ ಬರುವ ಡಿ5 ಎನ್ನುವ ಮಾದರಿಯ ಪಂಪ್, ಪೈಪ್, ಪೈಪನ್ನು ಭಾಗಗಳಿಗೆ ಸೇರಿಸುವ ಫಿಟಿಂಗ್ ಎಲ್ಲ ಸೇರಿ 60,000 ರೂಪಾಯಿ ಹತ್ತಿರ ಹೋಯಿತು. ಫಿಟಿಂಗ್‌ಗಳ ಲೆಕ್ಕ ಮೊದಲೇ ಹಾಕಿಕೊಳ್ಳಿ. ಒಂದೊಂದು ಚಿಕ್ಕದಾಗಿ ಕಾಣುತ್ತದೆ, ಹನ್ನೆರಡು ತೆಗೆದುಕೊಳ್ಳುವಾಗ ಬೆವರು ಬರುತ್ತದೆ. ಇನ್ನೊಂದು ವಿಷಯ. ಅಗ್ಗಕ್ಕೆ ಸಿಗುತ್ತದೆ ಅಂತ ಅಲ್ಯೂಮಿನಿಯಂ ರೇಡಿಯೇಟರ್ ತರಬೇಡಿ. ಬ್ಲಾಕ್‌ಗಳು ತಾಮ್ರದವು. ಒಂದೇ ನೀರಿನಲ್ಲಿ ತಾಮ್ರ, ಅಲ್ಯೂಮಿನಿಯಂ ಎರಡೂ ಇದ್ದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ.

ಜೋಡಿಸುವ ಮೊದಲು ರೇಡಿಯೇಟರ್ ತೊಳೆಯಬೇಕು. ಹೊಸದು ತಾನೇ, ಸುಮ್ನೆ ಯಾಕೆ ಅಂತ ಅನಿಸುತ್ತದೆ. ನಾನು ಬಿಸಿ ಡಿಸ್ಟಿಲ್ಡ್ ನೀರು ಅರ್ಧದಷ್ಟು ತುಂಬಿ, ಎರಡೂ ಬಾಯಿಗೆ ಬಿರಡೆ ಹಾಕಿ, ಮಗುವನ್ನು ತೂಗಿದ ಹಾಗೆ ಐದು ನಿಮಿಷ ಅಲ್ಲಾಡಿಸಿದೆ. ಆಮೇಲೆ ಅಡುಗೆಮನೆಯ ಸ್ಟೀಲ್ ತಾಟಿಗೆ ಸುರಿದೆ. ಸಾಸಿವೆಗಿಂತ ಚಿಕ್ಕ ಕಪ್ಪು ಚೂರುಗಳು ತಳಕ್ಕೆ ಕೂತವು. ಬೆರಳಲ್ಲಿ ಒತ್ತಿದರೆ ಕೆಲವು ಜಿಗುಟು, ಕೆಲವು ಗಟ್ಟಿ. ಬೆಸುಗೆ ಹಾಕುವಾಗ ಉಳಿದ ಫ್ಲಕ್ಸ್ ಅದು. ಬ್ಲಾಕ್ ಒಳಗಿನ ತಾಮ್ರದ ಗೆರೆಗಳ ನಡುವಿನ ಸಂದು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಈ ಚೂರು ಅಲ್ಲಿ ಸಿಕ್ಕಿಕೊಂಡರೆ ನೀರಿನ ದಾರಿ ಕಟ್ಟುತ್ತದೆ. ಒಂದು ರೇಡಿಯೇಟರ್ ನಾಲ್ಕನೇ ಸಲಕ್ಕೆ ಶುದ್ಧವಾಯಿತು, ಇನ್ನೊಂದಕ್ಕೆ ಏಳು ಸಲ ಬೇಕಾಯಿತು. ನಮ್ಮ ಬೋರ್ ನೀರಿಗೆ ಸ್ನಾನದ ಬಕೆಟ್ಟೇ ಬೆಳ್ಳಗಾಗುತ್ತದೆ, ಆ ನೀರನ್ನು ಇದರ ಹತ್ತಿರವೂ ತರಲಿಲ್ಲ.

ಕಾರ್ಡ್ ಬಿಚ್ಚುವಾಗ ಕೈ ನಡುಗಿತು. ವಾರಂಟಿ ಮುಗಿದ ಮೇಲೇ ಬಿಚ್ಚಿದ್ದು. ಸ್ಕ್ರೂ ಯಾವುದು ಎಲ್ಲಿಯದು ಅಂತ ಕಾಗದದ ಮೇಲೆ ಕಾರ್ಡಿನ ಚಿತ್ರ ಬರೆದು ಅದರ ಮೇಲೇ ಅಂಟಿಸುತ್ತಾ ಹೋದೆ. ಮೆಮೊರಿ ಚಿಪ್‌ಗಳ ಮೇಲೆ ಕೂತು ಬಿಸಿ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್ ಬ್ಲಾಕ್ ಜೊತೆ ಬಂದ ದಪ್ಪದ್ದೇ ಇರಬೇಕು. ಅರ್ಧ ಮಿಲಿಮೀಟರ್ ಹೆಚ್ಚು ದಪ್ಪವಾದರೂ ಬ್ಲಾಕ್ ಮೇಲೆದ್ದು ಮುಖ್ಯ ಚಿಪ್‌ಗೆ ಸರಿಯಾಗಿ ತಾಗುವುದಿಲ್ಲ.

ಪೈಪ್ ಎಳೆಯುವಾಗ ಯಾವುದು ಮೊದಲು, ಯಾವುದು ಆಮೇಲೆ ಅಂತ ಬಹಳ ತಲೆ ಕೆಡಿಸಿಕೊಂಡಿದ್ದೆ. ಲೆಕ್ಕ ಹಾಕಿದರೆ ಅದು ಅಷ್ಟು ದೊಡ್ಡದಲ್ಲ. ನಿಮಿಷಕ್ಕೆ 4 ಲೀಟರ್ ನೀರು ಹರಿದರೆ 320 ವ್ಯಾಟಿನ ಕಾರ್ಡ್ ದಾಟುವಾಗ ಅದು ಬಿಸಿಯಾಗುವುದು ಒಂದು ಡಿಗ್ರಿಯಷ್ಟೇ. ಪೈಪ್ ಚಿಕ್ಕದಾಗಿ, ಸುಲಭವಾಗಿ ಹೋಗುವ ದಾರಿ ಹಿಡಿಯಿರಿ. ಟ್ಯಾಂಕ್ ಮಾತ್ರ ಪಂಪಿಗೆ ಮೊದಲು, ಅದಕ್ಕಿಂತ ಎತ್ತರದಲ್ಲಿ ಇರಲೇಬೇಕು. ಡಿ5 ಪಂಪಿಗೆ ಒಳಗಿನ ನೀರೇ ಎಣ್ಣೆಯ ಹಾಗೆ. ಒಣಗಿ ಓಡಿದರೆ ಕೆಡುತ್ತದೆ.

ಈಗ ನೀರು ತುಂಬಿಸಿದ ರಾತ್ರಿ. ಮದರ್‌ಬೋರ್ಡ್, ಕಾರ್ಡ್ ಯಾವುದಕ್ಕೂ ಕರೆಂಟ್ ಕೊಡಲಿಲ್ಲ. ಪವರ್ ಸಪ್ಲೈನ 24 ಪಿನ್ ಕನೆಕ್ಟರ್‌ನಲ್ಲಿ 16ನೇ ಪಿನ್ನನ್ನು ಪಕ್ಕದ 17ನೇ ಗ್ರೌಂಡ್ ಪಿನ್ನಿಗೆ ಸೇರಿಸಿದರೆ ಅದೊಂದೇ ಚಾಲೂ ಆಗುತ್ತದೆ. ಅದಕ್ಕೆ ಪಂಪ್ ಮಾತ್ರ ಜೋಡಿಸಿದ್ದೆ. ಪ್ರತಿ ಫಿಟಿಂಗ್ ಕೆಳಗೂ ಟಿಶ್ಯೂ ಪೇಪರ್. ಟ್ಯಾಂಕ್ ತುಂಬಿಸಿ ಸ್ವಿಚ್ ಹಾಕಿದೆ. ಗುಳುಗುಳು ಅಂತ ಎರಡು ಸೆಕೆಂಡಿಗೇ ಟ್ಯಾಂಕ್ ಖಾಲಿ. ತಕ್ಷಣ ಆಫ್. ಮತ್ತೆ ತುಂಬಿಸಿ ಮತ್ತೆ ಆನ್. ಹೀಗೆ ಎಂಟು ಸಲ ಮಾಡಿದ ಮೇಲೆ ನೀರು ಸುತ್ತು ಹೊಡೆದು ವಾಪಸ್ ಟ್ಯಾಂಕಿಗೆ ಬಿತ್ತು. ಒಟ್ಟು ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ತಮ್ಮನೂ ನಾನೂ ಕೇಸನ್ನು ಎರಡೂ ಕಡೆ ವಾಲಿಸುತ್ತಾ ರೇಡಿಯೇಟರ್ ಮೂಲೆಯಲ್ಲಿ ಕೂತ ಗಾಳಿ ಬಿಡಿಸಿದೆವು.

ಹನ್ನೊಂದು ಗಂಟೆಗೆ ಎಲ್ಲ ಒಣಗಿತ್ತು. ಎರಡು ಗಂಟೆಗೆ ಎದ್ದು ಟಾರ್ಚ್ ಬಿಟ್ಟು ನೋಡಿದೆ. ಕಾರ್ಡ್ ಬ್ಲಾಕಿನ ಕೆಳಗಿನ ಪೇಪರ್ ಮೇಲೆ ಎಂಟಾಣೆ ಅಗಲದ ಒದ್ದೆ ಗುರುತು. ಫಿಟಿಂಗ್ ಸುತ್ತ ಬೆರಳಾಡಿಸಿದರೆ ಒಂದು ಹನಿ. ನೀರು ತೆಗೆದು ಬಿಚ್ಚಿದಾಗ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಒ-ರಿಂಗ್, ಒಂದು ಬದಿ ತನ್ನ ತೋಡಿನಿಂದ ಹೊರಗೆ ಬಂದು ನಜ್ಜಾಗಿತ್ತು. ಕೈಯಲ್ಲಿ ತಿರುಗಿಸಿದ ಮೇಲೂ ಸ್ಪ್ಯಾನರ್ ಹಾಕಿ ಬಿಗಿದಿದ್ದೆ, ಅದರದೇ ಫಲ. ಹೊಸ ರಿಂಗ್ ಹಾಕಿ, ಕೈಯಿಂದಷ್ಟೇ ಬಿಗಿಮಾಡಿ, ಮತ್ತೆ ಪೂರ್ತಿ 24 ಗಂಟೆ ಓಡಿಸಿದೆ. ಆ ರಾತ್ರಿ ಕಾರ್ಡಿಗೆ ಕರೆಂಟ್ ಇದ್ದಿದ್ದರೆ ಕಾರ್ಡ್ ಉಳಿಯುತ್ತಿತ್ತೋ ಇಲ್ಲವೋ. ದಯವಿಟ್ಟು ಈ ಒಂದು ದಿನವನ್ನು ಉಳಿಸಲು ಹೋಗಬೇಡಿ.

ಮೇ ತಿಂಗಳ ಮಧ್ಯಾಹ್ನ, ಕೋಣೆ 38 ಇರುವಾಗ, ಎರಡು ಗಂಟೆ ರೆಂಡರ್ ಆದ ಮೇಲೆ ನೋಡಿದ ಲೆಕ್ಕ: ನೀರು 49, ಕಾರ್ಡ್ 62, ಪ್ರೊಸೆಸರ್ 79. ಫ್ಯಾನ್‌ಗಳು ನಿಮಿಷಕ್ಕೆ 1,100 ಸುತ್ತು. ನಾದಸ್ವರ ಚೆನ್ನಾಗಿ ಕೇಳಿಸುತ್ತದೆ. ಫ್ಯಾನ್ ವೇಗವನ್ನು ಪ್ರೊಸೆಸರ್ ಬಿಸಿಗೆ ಕಟ್ಟಬೇಡಿ. ಅದು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ನೀರಿನೊಳಗೆ ಒಂದು ಸೆನ್ಸರ್ ಹಾಕಿ, ಅದರ ಪ್ರಕಾರ ಫ್ಯಾನ್ ತಿರುಗಿಸಿದರೆ ಸದ್ದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಪಂಪಿನ ವೇಗ ತೋರಿಸುವ ವೈರನ್ನು ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ (ಸಿಪಿಯು) ಫ್ಯಾನಿಗೆ ಇರುವ ಜಾಗಕ್ಕೆ ಕೊಟ್ಟಿದ್ದೇನೆ. ಆನ್ ಮಾಡುವಾಗ ಪಂಪ್ ತಿರುಗದಿದ್ದರೆ ಕಂಪ್ಯೂಟರ್ ಅಲ್ಲೇ ಎಚ್ಚರಿಸುತ್ತದೆ.

ಮೊದಲ ಸಲ ನೋಡಲು ಚೆಂದ ಅಂತ ಪಾರದರ್ಶಕ ಪೈಪ್ ಹಾಕಿದ್ದೆ. ಎಂಟು ತಿಂಗಳಿಗೆ ಒಳಗೆ ಮಂಜು ಹಿಡಿದ ಹಾಗಾಯಿತು. ಬ್ಲಾಕ್ ಬಿಚ್ಚಿದರೆ ತಾಮ್ರದ ಗೆರೆಗಳ ಮೇಲೆ ಬಿಳಿ ಜಿಗುಟು ಪದರ. ಪೈಪ್ ಮೆತ್ತಗಿರಲು ಸೇರಿಸುವ ಪ್ಲಾಸ್ಟಿಸೈಜರ್ ಬಿಸಿ ನೀರಿಗೆ ಇಳಿದು ಅಲ್ಲಿ ಕೂತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ತೆಗೆದೆ. ಈಗ ಕಪ್ಪು ಇಪಿಡಿಎಂ ರಬ್ಬರ್ ಪೈಪ್, ಒಳಗೆ 10 ಎಂಎಂ, ಹೊರಗೆ 16. ಒಳಗೆ ನೀರು ಓಡುವುದು ಕಾಣುವುದಿಲ್ಲ, ಆದರೆ ಏನೂ ಬಿಡುವುದಿಲ್ಲ. ದುಡಿಯುವ ಕಂಪ್ಯೂಟರಿಗೆ ನಾನು ಇದನ್ನೇ ಹೇಳುವುದು.

ತಿಂಗಳಿಗೊಮ್ಮೆ ಬ್ಲೋವರ್‌ನಿಂದ ರೇಡಿಯೇಟರ್ ಧೂಳು ಊದಿಸುತ್ತೇನೆ. ಬಳ್ಳಾರಿಯ ಕೆಂಪು ಧೂಳು, ಬಿಟ್ಟರೆ ಎರಡು ತಿಂಗಳಲ್ಲಿ ಕಂಬಳಿಯ ಹಾಗೆ ಕೂರುತ್ತದೆ. ನೀರು ವರ್ಷಕ್ಕೊಮ್ಮೆ ಬದಲು. ಮೊದಲ ಸಲ ನೀರು ಬಿಡುವ ವಾಲ್ವ್ ಇಟ್ಟಿರಲಿಲ್ಲ, ಪೈಪ್ ಕಿತ್ತು ಕೋಣೆಯೆಲ್ಲ ಒದ್ದೆಯಾಯಿತು. ಈಗ ತೀರಾ ಕೆಳಗಿನ ಮೂಲೆಯಲ್ಲಿ ಒಂದು ಚಿಕ್ಕ ವಾಲ್ವ್ ಇದೆ. ಯುಗಾದಿಗೆ ಮುಂಚೆ, ಸೀಸನ್ ಶುರುವಾಗುವ ಮೊದಲು, ಅದನ್ನು ತೆರೆದು ಹಳೆಯ ನೀರನ್ನು ಗಾಜಿನ ಬಾಟಲಿಗೆ ಹಿಡಿದು ಕಿಟಕಿ ಬೆಳಕಿಗೆ ಎತ್ತಿ ನೋಡುತ್ತೇನೆ. ಈ ವರ್ಷದ್ದು ಹಾಕಿದಾಗ ಇದ್ದಷ್ಟೇ ತಿಳಿಯಾಗಿತ್ತು.