ಡೈರೆಕ್ಟ್ ಆಬ್ಜೆಕ್ಟ್ ಯಾವುದು, ಇನ್‌ಡೈರೆಕ್ಟ್ ಯಾವುದು? ಮನೆಯ ಕನ್ನಡವನ್ನೇ ಕೇಳಿ

ಮುಂಬಯಿಯ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬಿಲ್ಡಿಂಗ್ ಕೆಳಗೆ ಆಡುವಾಗ ಹಿಂದಿ, ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಅಂತ ಸಲೀಸಾಗಿ ಮಾತಾಡುತ್ತಾರೆ. ಆದರೆ ಗ್ರಾಮರ್ ಪೇಪರಿನಲ್ಲಿ ಡೈರೆಕ್ಟ್, ಇನ್‌ಡೈರೆಕ್ಟ್ ಆಬ್ಜೆಕ್ಟ್ ಗುರುತಿಸಿ ಅಂದರೆ ತಡಬಡಾಯಿಸುತ್ತಾರೆ. ಇದಕ್ಕೆ ಗೈಡ್ ಬೇಕಿಲ್ಲ, ಮನೆಯ ಕನ್ನಡ ಸಾಕು.

ಒಂದು ವಾಕ್ಯ ತಗೊಳ್ಳಿ: ‘ಅಂಕಲ್ ಗೇವ್ ಮೀನಾ ಎ ಪೆನ್.’

ಮೊದಲು ವರ್ಬ್ ಹುಡುಕಿ. ಇಲ್ಲಿ ‘ಗೇವ್’. ಈಗ ಅದಕ್ಕೆ ‘ಏನನ್ನು, ಯಾರನ್ನು?’ ಅಂತ ಕೇಳಿ. ಪೆನ್ನನ್ನು. ಅದು ಡೈರೆಕ್ಟ್ ಆಬ್ಜೆಕ್ಟ್. ಅದು ಸಿಕ್ಕ ಮೇಲೆಯೇ ‘ಯಾರಿಗೆ?’ ಅಂತ ಕೇಳಿ. ಮೀನಾಗೆ. ಅದು ಇನ್‌ಡೈರೆಕ್ಟ್. ಈ ಕ್ರಮ ತಪ್ಪಿಸಬೇಡಿ. ಇಂಗ್ಲಿಷಿನಲ್ಲಿ ವರ್ಬ್ ಪಕ್ಕದಲ್ಲೇ ಮೀನಾ ಕೂತಿರುವುದರಿಂದ ಮಕ್ಕಳು ಅವಳನ್ನೇ ಡೈರೆಕ್ಟ್ ಅಂತ ಬರೆದುಬಿಡುತ್ತಾರೆ.

ಉತ್ತರ ಸರಿಯಾ ಅಂತ ನೋಡಲು ಎರಡನ್ನೂ ಅದಲುಬದಲು ಮಾಡಿ: ‘ಅಂಕಲ್ ಗೇವ್ ಎ ಪೆನ್ ಟು ಮೀನಾ.’ ಗಿವ್, ಸೆಂಡ್, ಶೋ, ಟೀಚ್ ಇದ್ದರೆ ‘ಟು’ ಬರುತ್ತದೆ. ಬೈ, ಮೇಕ್, ಕುಕ್ ಇದ್ದರೆ ‘ಫಾರ್’. ಹೀಗೆ ‘ಟು’ ಬಂದ ಮೇಲೂ ಕೆಲವು ಪುಸ್ತಕಗಳು ಮೀನಾಳನ್ನು ಇನ್‌ಡೈರೆಕ್ಟ್ ಆಬ್ಜೆಕ್ಟ್ ಅನ್ನುತ್ತವೆ, ಕೆಲವು ಅನ್ನುವುದಿಲ್ಲ. ಪರೀಕ್ಷೆಗೆ ಶಾಲೆಯ ಪುಸ್ತಕ ಹೇಳಿದ್ದನ್ನೇ ಬರೆಯಿರಿ.

ಹಿಂದಿಯಲ್ಲಿ ಯೋಚಿಸುವ ಮಗುವಿಗೆ ಇದು ಯಾಕೆ ಕಷ್ಟ ಗೊತ್ತಾ? ‘ರವಿ ಕೋ ದೇಖಾ’, ‘ರವಿ ಕೋ ಪೆನ್ ದಿಯಾ’, ಎರಡಕ್ಕೂ ‘ಕೋ’. ಮರಾಠಿಯಲ್ಲೂ ಎರಡು ಕಡೆ ‘ಲಾ’ ಬರುತ್ತದೆ. ನಮ್ಮಲ್ಲಿ ‘ರವಿಯನ್ನು ನೋಡಿದೆ’, ‘ರವಿಗೆ ಪೆನ್ ಕೊಟ್ಟೆ’. ಕನ್ನಡ ಎರಡನ್ನೂ ಬೇರೆಬೇರೆ ಮಾಡಿ ತೋರಿಸುತ್ತದೆ, ಅಲ್ವಾ?

ವ್ಯಕ್ತಿ ಇನ್‌ಡೈರೆಕ್ಟ್, ವಸ್ತು ಡೈರೆಕ್ಟ್ ಅಂತ ಕೆಲವರು ಸುಲಭದ ಸೂತ್ರ ಕಲಿಸುತ್ತಾರೆ. ನನಗದು ಒಪ್ಪಿಗೆ ಇಲ್ಲ. ‘ದೇ ಗೇವ್ ದ ವಾಲ್ ಎ ಕೋಟ್ ಆಫ್ ಪೇಂಟ್’ ಅಂದಾಗ ಗೋಡೆಯೇ ಇನ್‌ಡೈರೆಕ್ಟ್ ಆಬ್ಜೆಕ್ಟ್. ‘ಐ ಮೆಟ್ ರವಿ’ ಅಂದಾಗ ರವಿ ಡೈರೆಕ್ಟ್.

ಇನ್ನೊಂದು ಜೋಡಿ ನೋಡಿ. ‘ದ ಸಂಘ ಮೇಡ್ ಮೈ ಅಂಕಲ್ ಸೆಕ್ರೆಟರಿ.’ ‘ಮೈ ಆಂಟ್ ಮೇಡ್ ಮೈ ಅಂಕಲ್ ಟೀ.’ ನೋಡಲು ಎರಡೂ ಒಂದೇ ಥರ. ಕನ್ನಡದಲ್ಲಿ ಹೇಳಿ: ಸಂಘದವರು ಮಾವನನ್ನು ಸೆಕ್ರೆಟರಿ ಮಾಡಿದರು, ಅತ್ತೆ ಮಾವನಿಗೆ ಚಹಾ ಮಾಡಿದರು. ಮೊದಲನೆಯದರಲ್ಲಿ ಮಾವನೇ ಸೆಕ್ರೆಟರಿ, ಇಬ್ಬರೂ ಒಬ್ಬರೇ. ಹಾಗಾಗಿ ಮಾವ ಡೈರೆಕ್ಟ್ ಆಬ್ಜೆಕ್ಟ್, ಸೆಕ್ರೆಟರಿ ಅನ್ನುವುದು ಆಬ್ಜೆಕ್ಟ್ ಕಾಂಪ್ಲಿಮೆಂಟ್, ಅಂದರೆ ಆ ಆಬ್ಜೆಕ್ಟ್ ಯಾರು, ಏನು ಅಂತ ಹೇಳುವ ಪದ. ಎರಡನೆಯದರಲ್ಲಿ ಮಾವ ಬೇರೆ, ಚಹಾ ಬೇರೆ. ಚಹಾ ಡೈರೆಕ್ಟ್, ಮಾವ ಇನ್‌ಡೈರೆಕ್ಟ್.

ಹಾಗಂತ ‘ಗೆ’ ಕಂಡಲ್ಲೆಲ್ಲ ಸುಮ್ನೆ ಇನ್‌ಡೈರೆಕ್ಟ್ ಅಂತ ಬರೆಯಬೇಡಿ. ರವಿಗೆ ಹೊಡೆದ, ರವಿಗೆ ಸಹಾಯ ಮಾಡಿದ, ರವಿಗೆ ಫೋನ್ ಮಾಡಿದ ಅಂತ ನಾವು ಹೇಳುತ್ತೇವೆ. ಇಂಗ್ಲಿಷಿನ ‘ಹಿಟ್ ರವಿ’, ‘ಹೆಲ್ಪ್ಡ್ ರವಿ’, ‘ಕಾಲ್ಡ್ ರವಿ’ಯಲ್ಲಿ ಇರುವುದು ಒಂದೇ ಆಬ್ಜೆಕ್ಟ್, ಅದು ಡೈರೆಕ್ಟ್. ‘ಶಿ ವೆಂಟ್ ಟು ದಾದರ್’ ವಾಕ್ಯದಲ್ಲಿ ಆಬ್ಜೆಕ್ಟೇ ಇಲ್ಲ, ದಾದರ್ ಬರೀ ಜಾಗ. ‘ನನಗೆ ವಡಾಪಾವ್ ಇಷ್ಟ’ ಅನ್ನುವುದು ಇಂಗ್ಲಿಷಿನಲ್ಲಿ ‘ಐ ಲೈಕ್ ವಡಾಪಾವ್’ ಆದಾಗ ನಮ್ಮ ‘ನನಗೆ’ ಅಲ್ಲಿ ಸಬ್ಜೆಕ್ಟ್ ಆಗಿ ಕೂರುತ್ತದೆ.

‘ಎಕ್ಸ್‌ಪ್ಲೇನ್ ಮಿ ದಿಸ್ ಸಮ್’ ಅನ್ನುವುದು ಟ್ಯೂಷನ್‌ಗಳಲ್ಲಿ ಜಾಸ್ತಿ ಕೇಳುವ ತಪ್ಪು. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್ ವರ್ಬ್‌ಗಳ ಪಕ್ಕದಲ್ಲಿ ಇನ್‌ಡೈರೆಕ್ಟ್ ಆಬ್ಜೆಕ್ಟ್ ಹಾಗೇ ಕೂರುವುದಿಲ್ಲ. ‘ಎಕ್ಸ್‌ಪ್ಲೇನ್ ದಿಸ್ ಸಮ್ ಟು ಮಿ’ ಅನ್ನಬೇಕು.

ಇವತ್ತು ರಾತ್ರಿ ಮಗುವಿನ ಜೊತೆ ಕೂತು ಇವನ್ನು ಬಿಡಿಸಿ ನೋಡಿ: ‘ದ ಕಂಡಕ್ಟರ್ ಹ್ಯಾಂಡೆಡ್ ಅಸ್ ದ ಟಿಕೆಟ್ಸ್’, ‘ವಿ ಥ್ಯಾಂಕ್ಡ್ ದ ಡಾಕ್ಟರ್’, ‘ದೇ ಕಾಲ್ಡ್ ದ ಬೇಬಿ ಚಿನ್ನು’. ಮೊದಲನೆಯದರಲ್ಲಿ ಟಿಕೆಟ್ಸ್ ಡೈರೆಕ್ಟ್, ಅಸ್ ಇನ್‌ಡೈರೆಕ್ಟ್. ಎರಡನೆಯದರಲ್ಲಿ ಡಾಕ್ಟರ್ ಡೈರೆಕ್ಟ್, ಕನ್ನಡದಲ್ಲಿ ‘ಡಾಕ್ಟರಿಗೆ’ ಥ್ಯಾಂಕ್ಸ್ ಹೇಳಿದರೂ. ಮೂರನೆಯದರಲ್ಲಿ ಬೇಬಿ ಡೈರೆಕ್ಟ್, ಚಿನ್ನು ಕಾಂಪ್ಲಿಮೆಂಟ್.