ದಾವಣಗೆರೆಯಲ್ಲಿ ಪಿಯಾನೋ ಸೀಸನ್: ನಾಲ್ಕು ಕಛೇರಿ, ಒಂದೇ ವಾದ್ಯ

ಬೆಣ್ಣೆದೋಸೆ ಊರಲ್ಲಿ ಪಿಯಾನೋ ಕೇಳೋಕೆ ಯಾರು ಬರ್ತಾರೆ ಅಂದವರೇ ಹೆಚ್ಚು. ಅದೂ ಬೀಥೋವನ್ ಅಲ್ಲ, ಇಪ್ಪತ್ತನೇ ಶತಮಾನದ ಹೊಸ ಬಗೆಯ ಸಂಯೋಜಕರು: ಗ್ಲಾಸ್, ಲಿಗೆಟಿ, ಫೆಲ್ಡ್‌ಮನ್, ಕೇಜ್. ನವೆಂಬರಿಂದ ಫೆಬ್ರವರಿವರೆಗೆ ನಾಲ್ಕೂ ಕಛೇರಿ ನಡೆದವು. 120 ಕುರ್ಚಿಯ ಹಾಲಿನಲ್ಲಿ ಕೊನೆಯ ದಿನ ಸುಮಾರು ಮೂವತ್ತು ಜನ ಜಮಖಾನದ ಮೇಲೆ ಕೂತು ಕೇಳಿದರು. ಅಂದವರಲ್ಲಿ ಇಬ್ಬರು ಅಲ್ಲೇ ಇದ್ದರು.

ಹಿಂದಿನ ವರ್ಷ ಕೈಸುಟ್ಟದ್ದು ಲಾರಿಯಿಂದ. ಕಛೇರಿಗೊಮ್ಮೆ ಬೆಂಗಳೂರಿನಿಂದ ಗ್ರ್ಯಾಂಡ್ (ತಂತಿಗಳು ಅಡ್ಡ ಮಲಗಿರುವ ದೊಡ್ಡ ಪಿಯಾನೋ) ತರಿಸಿದರೆ ಬಾಡಿಗೆ, ಸಾಗಣೆ, ಆರು ಜನ ಹಮಾಲರು, ಶ್ರುತಿ ಮಾಡುವ ಟ್ಯೂನರ್ ಸೇರಿ ಸಲಕ್ಕೆ ಎಪ್ಪತ್ತು ಸಾವಿರ ದಾಟುತ್ತಿತ್ತು. ಎರಡಕ್ಕೇ ನಿಲ್ಲಿಸಿದೆ. ದುಡ್ಡಿಗಿಂತ ಶ್ರುತಿಯ ಪೆಟ್ಟು ದೊಡ್ಡದು. 260 ಕಿಲೋಮೀಟರ್ ಬಂದ ವಾದ್ಯಕ್ಕೆ ಅದೇ ದಿನ ಶ್ರುತಿ ಮಾಡಿದರೆ ವಿರಾಮದ ಹೊತ್ತಿಗೆ ನಡುವಿನ ಎರಡು ಸಪ್ತಕ ಹೋಗಿರುತ್ತವೆ. ತಂತಿಗಳ ಕೆಳಗೆ ದನಿ ಹೆಚ್ಚಿಸುವ ಹಲಗೆ, ಅಂದರೆ ಸೌಂಡ್‌ಬೋರ್ಡಿನ ಮರ ಹೊಸ ಹವೆಗೆ ಒಗ್ಗಲು ಎರಡು ವಾರ ಬೇಕು.

ಹಾಗಾಗಿ ಈ ಸಲ ಆರಡಿಯ ಒಂದು ಗ್ರ್ಯಾಂಡನ್ನು ನಾಲ್ಕು ತಿಂಗಳಿಗೆ ಒಟ್ಟಾಗಿ ಹಿಡಿದೆ. ಬಾಡಿಗೆ 1.1 ಲಕ್ಷದ ಆಸುಪಾಸು, ಹೋಗಿಬರುವ ಸಾಗಣೆ 36 ಸಾವಿರ, ಟ್ಯೂನರ್ ಐದು ಸಲ ಬಂದದ್ದಕ್ಕೆ 35, ಕಲಾವಿದರಿಗೆ 80, ಸಭಾಂಗಣ-ಚಹಾ-ಕರಪತ್ರ ಅಂತ 25. ಒಟ್ಟು 2.85 ಲಕ್ಷ. ಬಂದದ್ದು: 800 ರೂಪಾಯಿಯ ಸೀಸನ್ ಪಾಸು ತೊಂಬತ್ತು, ಬಾಗಿಲ ಟಿಕೆಟ್ಟಿನಿಂದ ಇಪ್ಪತ್ನಾಲ್ಕು ಸಾವಿರ, ನಾಲ್ಕು ಅಂಗಡಿಯವರಿಂದ ತಲಾ 35 ಸಾವಿರ. ಉಳಿದದ್ದನ್ನು ವಾದ್ಯವೇ ದುಡಿಯಿತು. ಹಗಲು ಹೊತ್ತು ಅರ್ಧ ಗಂಟೆಗೆ ನೂರು ರೂಪಾಯಿಯಂತೆ ಕಲಿಯುವ ಮಕ್ಕಳಿಗೆ ಬಿಟ್ಟೆ, ನಲವತ್ತು ಸಾವಿರ ಬಂತು. ಕೈಯಿಂದ ಹೋದದ್ದು ಒಂಬತ್ತೋ ಹತ್ತೋ ಸಾವಿರ.

ತೇವದ ವಿಷಯ. ನಮ್ಮ ಕಡೆ ಜನವರಿ ಮಧ್ಯಾಹ್ನ ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಶೇಕಡಾ ಮೂವತ್ತರ ಹತ್ತಿರ ಇಳಿಯುತ್ತದೆ. ವಾದ್ಯಕ್ಕೆ ಬೇಕಾದ್ದು 45ರಿಂದ 50. ಮರ ಒಣಗಿ ಸೌಂಡ್‌ಬೋರ್ಡಿನ ಉಬ್ಬು ಇಳಿದರೆ ತಂತಿಯ ಬಿಗಿತ ಸಡಿಲವಾಗಿ ಶ್ರುತಿ ಕೆಳಗೆ ಜಾರುತ್ತದೆ. ದುಬಾರಿ ಯಂತ್ರ ಹಾಕಲಿಲ್ಲ. ಪಿಯಾನೋದ ಕೆಳಗೆ ಅಗಲ ಬಾಯಿಯ ಎರಡು ಮಣ್ಣಿನ ಮಡಕೆ, ಅದರಲ್ಲಿ ಅರ್ಧ ಮುಳುಗಿ ನಿಂತ ಹತ್ತಿ ಬಟ್ಟೆ, ಮೇಲಿಂದ ನೆಲ ಮುಟ್ಟುವ ಹೊದಿಕೆ. ಬಟ್ಟೆ ಎಲ್ಲೂ ಮರಕ್ಕೆ ತಾಗಬಾರದು.

ಕಲ್ಲು ನೆಲ, ಬರಿಗೋಡೆ, ಚಪ್ಪಾಳೆ ತಟ್ಟಿದರೆ ಮೂರು ಸಲ ಕೇಳುವ ಹಾಲು. ಹಿಂದಿನ ಗೋಡೆಗೆ ಚಳ್ಳಕೆರೆ ಕಂಬಳಿ ಹದಿನಾಲ್ಕು, ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿದೆ. ಗೋಡೆಗೆ ಅಂಟಿಸಿದರೆ ಅರ್ಧ ಕೆಲಸವೂ ಆಗುವುದಿಲ್ಲ.

ಕಾರ್ಯಕ್ರಮದ ಕ್ರಮವನ್ನು ವಾದ್ಯದ ಆಯಸ್ಸು ನೋಡಿ ಹಾಕಬೇಕು. ಮೊದಲು ಗ್ಲಾಸ್‌ನ ಎಟ್ಯೂಡ್‌ಗಳು (ಅಭ್ಯಾಸ ಕೃತಿಗಳು), ಕಿವಿಗೆ ಹತ್ತಿರ. ಡಿಸೆಂಬರಿಗೆ ಲಿಗೆಟಿಯ ಮ್ಯೂಸಿಕಾ ರಿಚೆರ್ಕಾಟಾ. ಹನ್ನೊಂದು ತುಣುಕು: ಮೊದಲನೆಯದು ಕೊನೆಯ ಕ್ಷಣದವರೆಗೂ ಬರೀ ಎ ಸ್ವರ, ಮುಗಿಯುವಾಗ ಒಂದು ಡಿ. ಮುಂದೆ ತುಣುಕಿಗೊಂದು ಸ್ವರ ಕೂಡುತ್ತ ಹನ್ನೊಂದನೆಯದಕ್ಕೆ ಹನ್ನೆರಡೂ ಆಗುತ್ತವೆ. ಹನ್ನೆರಡು ಸ್ವರಸ್ಥಾನ ಗೊತ್ತಿದ್ದ ಹಾರ್ಮೋನಿಯಂ ಮೇಷ್ಟ್ರುಗಳು ಬೆರಳು ಮಡಚಿ ಎಣಿಸುತ್ತ ಕೇಳಿದರು. ಆದರೆ ಅಭ್ಯಾಸದಲ್ಲೇ ಎ ತಂತಿಗಳು ಬಡಿಸಿಕೊಂಡು ಶ್ರುತಿ ಸರಿದು ಅಲೆಯೇಳುತ್ತವೆ. ಟ್ಯೂನರ್ ಅಷ್ಟೊತ್ತಿಗೆ ಬಸ್ಸು ಹತ್ತಿರುತ್ತಾರೆ. ಶ್ರುತಿ ತಿರುಗಿಸುವ ಲಿವರ್ ಮತ್ತು ಎರಡು ರಬ್ಬರ್ ಬೆಣೆ ಇಟ್ಟುಕೊಂಡು ಒಂದೇ ಸ್ವರದ ಮೂರು ತಂತಿ ಕೂಡಿಸುವಷ್ಟನ್ನು ಕಲಿತುಕೊಳ್ಳಿ.

ಜನವರಿಯ ಫೆಲ್ಡ್‌ಮನ್ ಕೈಕೊಟ್ಟಿತು. ಅವರ ಪಾಲೆ ದ ಮಾರಿ ಎಂಬ ಕೃತಿ ಇಪ್ಪತ್ತೈದು ನಿಮಿಷ ಪಿಸುಮಾತಿನಲ್ಲೇ ಸಾಗುತ್ತದೆ. ಫ್ಯಾನ್ ಆರಿಸಿದ್ದೆ, ಕಾರಿಡಾರಿನ ವಾಟರ್ ಕೂಲರ್ ಮರೆತೆ. ಊರ ನಡುವೆ ಹಳಿ ಇರುವುದರಿಂದ ರೈಲಿನ ಹಾರ್ನು ಬೇರೆ. ಇನ್ನು ಮಂಡಕ್ಕಿ ಪೊಟ್ಟಣದ ಸದ್ದು! ಈಗ ಮಂಡಕ್ಕಿ-ಮಿರ್ಚಿ ಕಛೇರಿ ಮುಗಿದ ಮೇಲೆ, ರೈಲಿನ ವೇಳಾಪಟ್ಟಿ ನೋಡಿಯೇ ಶುರು.

ನಡುವೆ ಚಿತ್ರದುರ್ಗದಲ್ಲೂ ಒಂದು ಪ್ರಯೋಗ. ಗ್ರ್ಯಾಂಡ್ ಒಯ್ಯುವ ಮಾತೇ ಇಲ್ಲ. ಆಟಿಕೆ ಪಿಯಾನೋ ಚೀಲದಲ್ಲಿಟ್ಟು ಬಸ್ಸಿನಲ್ಲಿ ಒಯ್ದು ಕೇಜ್‌ನ ಸ್ವೀಟ್ ಫಾರ್ ಟಾಯ್ ಪಿಯಾನೋ (ಆಟಿಕೆ ಪಿಯಾನೋಕ್ಕೆ ಬರೆದ ಕೃತಿಮಾಲೆ) ಮಾಡಿಸಿದೆವು. 1948ರದ್ದು, ಅದಕ್ಕೆ ಒಂಬತ್ತೇ ಬಿಳಿ ಕೀ ಸಾಕು. ಒಳಗೆ ತಂತಿಯಲ್ಲ, ಲೋಹದ ಕಡ್ಡಿ. ದುರ್ಗದ ಗಾಳಿಗೂ ಶ್ರುತಿ ಕದಲಲಿಲ್ಲ.

ಕೊನೆಗೆ ಕೇಜ್‌ನ ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್, 1946-48ರ ಕೃತಿ. ದನಿ ಬದಲಾಗಲೆಂದು 45 ಸ್ವರಗಳ ತಂತಿಗಳ ನಡುವೆ ಬೋಲ್ಟು, ಸ್ಕ್ರೂ, ರಬ್ಬರ್, ಪ್ಲಾಸ್ಟಿಕ್ ಸಿಕ್ಕಿಸಬೇಕು. ಇದು ಶ್ರುತಿ ಕದಡುತ್ತದೆ, ಅದಕ್ಕೇ ಕೊನೆಗೆ. ಕೇಳುಗರಿಗೆ ತಂಬೂರಿಯ ಜೀವಾಳ (ತಂತಿಯಡಿ ಸಿಕ್ಕಿಸುವ ನೂಲು) ನೆನಪಿಸಿದರೆ ಸಾಕು, ಉಳಿದ ವಿವರಣೆ ಬೇಡ. ಅಹಮದಾಬಾದಿನ ಗೀತಾ ಸಾರಾಭಾಯಿಯಿಂದ ಕೇಜ್ ನಮ್ಮ ಸಂಗೀತ ತಿಳಿದುಕೊಂಡ ಸಂಗತಿಯನ್ನೂ ಎರಡು ಮಾತಲ್ಲಿ ಸೇರಿಸಿದೆ.

ಯಾವ ವಸ್ತು ಎಲ್ಲಿ ಎಂಬ ಕೃತಿಯ ಪಟ್ಟಿಯಲ್ಲಿ ಡ್ಯಾಂಪರ್‌ನಿಂದ (ತಂತಿಯ ದನಿ ತಡೆಯುವ ಒತ್ತು) ಇಷ್ಟು ಇಂಚು ಎಂದು ಕೊಟ್ಟಿರುತ್ತಾರೆ. ನಿಮ್ಮ ವಾದ್ಯದ ಉದ್ದ ಬೇರೆಯಾದರೆ ಅದೇ ಇಂಚಿಗೆ ಅದೇ ದನಿ ಬರುವುದಿಲ್ಲ. ಅಳತೆಯಲ್ಲಿಟ್ಟು, ಕಿವಿಯಿಂದ ಸರಿಸಿ. ತಂತಿಯನ್ನು ಬಿದಿರಿನ ಚಪ್ಪಟೆ ಕಡ್ಡಿಯಿಂದ ಅಗಲಿಸಿ ಬೋಲ್ಟನ್ನು ಇಳಿಸಿ, ತಿರುಗಿಸಿ ನುಗ್ಗಿಸಬೇಡಿ. ಬೋಲ್ಟು ಸಣ್ಣದಾದರೆ ಎರಡನೇ ಸೊನಾಟಾಕ್ಕೇ ಉದುರುತ್ತದೆ. ತಾಮ್ರ ಸುತ್ತಿದ ಮಂದ್ರ ತಂತಿಗೆ ಸ್ಕ್ರೂ ತಾಗಿಸಲೇಬೇಡಿ. ರಬ್ಬರಿಗೆ ಸೈಕಲ್ ಟ್ಯೂಬ್ ಸೀಳಿ ಮೂರು ತಂತಿಗೆ ಮೇಲೆ-ಕೆಳಗೆ ಹೆಣೆದೆ, ಚೆನ್ನಾಗಿ ಕೂತಿತು. ಎಡ ಪೆಡಲ್ ಒತ್ತಿದಾಗ ತಂತಿ ಬಡಿಯುವ ಹ್ಯಾಮರ್ ಬಲಕ್ಕೆ ಸರಿದು ಎಡ ತಂತಿಯನ್ನು ಬಿಡುತ್ತದೆ; ಬೋಲ್ಟು ಯಾವ ಎರಡು ತಂತಿಯ ನಡುವಿದೆ ಅನ್ನುವುದರ ಮೇಲೆ ದನಿಯೇ ಬದಲು. ಜೋಡಿಸಲು ಮೊದಲ ಸಲ ಐದು ಗಂಟೆ, ಮೂರನೆಯ ಸಲ ಎರಡೂವರೆ.

ಬಾಡಿಗೆ ಕೊಟ್ಟವರು ಮೊದಲು ಒಪ್ಪಿರಲಿಲ್ಲ. ಲಿಖಿತ ಒಪ್ಪಿಗೆ, ಹದಿನೈದು ಸಾವಿರ ಠೇವಣಿ, ಮತ್ತೆ ಪೂರ್ತಿ ಶ್ರುತಿಯ ಖರ್ಚು ನಮ್ಮದು ಅಂದ ಮೇಲೆ ಒಪ್ಪಿದರು. ಹಾಕಿದ ಪ್ರತಿ ವಸ್ತುವನ್ನೂ ಬರೆದಿಟ್ಟು, ತೆಗೆಯುವಾಗ ಎಣಿಸಿ. ನಮಗೊಂದು ನಟ್ಟು ಕಡಿಮೆ ಬಿತ್ತು. ಟಾರ್ಚು ಹಿಡಿದು ಒಂದು ಗಂಟೆ ಹುಡುಕಿದ ಮೇಲೆ ಸೌಂಡ್‌ಬೋರ್ಡಿನ ಅಂಚಿನಲ್ಲಿ ಸಿಕ್ಕಿತು; ದಾರ ಕಟ್ಟಿದ ಅಯಸ್ಕಾಂತ ಇಳಿಸಿ ಎತ್ತಿದೆವು.